ಜೋಡಿ ಹೊಲಿಗೆ

ಬಳ್ಳಾರಿ, ಕೌಲ್ ಬಜಾರಿನ ಮಾಳಿಗೆ ಕೋಣೆ. ಸಂಜೆ ಏಳೂವರೆ.
ಕೆಳಗೆ ಹನ್ನೊಂದು ಮಿಷಿನ್ನು ಜೀನ್ಸ್ ಹೊಲಿಯುತ್ತಿವೆ,
ನೆಲ ಸಣ್ಣಗೆ ನಡುಗುತ್ತದೆ.
ಮೇಲೆ ನನ್ನ ಪಾಠ: ಪ್ರೋಗ್ರಾಮಿಗೆ ಅರ್ಥ ಎಂದರೇನು.

ಬರೆದೆ: ಕ್ಷ = ಕ್ಷ + ೧.
‘ಇದು ಸುಳ್ಳಲ್ಲೇನ್ರಿ ಸಾರ್?’ ಎಂದಳು ಮಾಬುನ್ನಿ,
ಓವರ್‌ಲಾಕ್ ಬಿಟ್ಟು ನೇರ ಎದ್ದು ಬಂದವಳು,
ಹುಬ್ಬಿನ ಮೇಲಿನ್ನೂ ನೀಲಿ ಧೂಳು.
‘ತನಗಿಂತ ತಾನ ಒಂದು ಹೆಚ್ಚು ಹೆಂಗಾಗ್ತಾರ?’

ಎಡದ ಕ್ಷ ಗೂಟ, ಎಂದೆ.
ಬಲದ ಕ್ಷ ಗೂಟಕ್ಕೆ ತೂಗಿದ ಅಂಗಿ.
ಗೂಟ ಅದೇ. ಅಂಗಿ ಬದಲು.
‘ಹಂಗನ್ರಿ ಮತ್ತ.’

ಆಮೇಲೆ ಜೋಡಿ ಚೌಕ ಕಂಸ ಎಳೆದೆ.
ಒಳಗಿರುವುದು ಬರಹ,
ಎರಡೂ ಗೆರೆ ದಾಟಿ ಹೊರಬಂದರೆ ಅರ್ಥ.
ಅವಳು ಚೀಲದಿಂದ ಸ್ಯಾಂಪಲ್ ಪ್ಯಾಂಟು ತೆಗೆದು
ಅಂಚು ತೋರಿಸಿದಳು: ಕಿತ್ತಳೆ ದಾರದ ಎರಡು ಸಾಲು.
‘ನಮ್ದೂ ಜೋಡಿ. ಒಂದು ಕಿತ್ರ ಇನ್ನೊಂದು ಹಿಡಿತೈತಿ.’
ಅದು ಬೇರೆ ಇದು ಬೇರೆ ಅನ್ನಲು ಹೊರಟು
ಯಾಕೋ ಸುಮ್ಮನಾದೆ.

ಟಿಪ್ಪಣ್ಣ ಎಡಗಾಲು ಮೊದಲು ಹೊಲಿಯುತ್ತಾನೆ,
ಶೇಕ್ಷಾವಲಿ ಬಲಗಾಲು.
ವಾಷಿಂಗಿಗೆ ಹೋಗಿ ಬಂದ ರಾಶಿಯಲ್ಲಿ
ಯಾವುದು ಯಾರದೆಂದು ಮಾಲೀಕನಿಗೂ ತಿಳಿಯದು.
ಹಾಗಾದರೆ ಎರಡಕ್ಕೂ ಒಂದೇ ಅರ್ಥ, ಎಂದೆ, ಗೆದ್ದವನಂತೆ.
‘ಒಬ್ಬಂವ ತಾಸು ತಗೊಂಡ್ರ? ಇನ್ನೊಬ್ಬ ಹತ್ತು ನಿಮಿಷ?’
ಈ ಕಂಸ ಹೊತ್ತನ್ನು ಲೆಕ್ಕ ಹಿಡಿಯುವುದಿಲ್ಲ.
‘ಅಂದ್ರ ಅರ್ಥದಾಗ ನನ್ನ ಬೆನ್ನುನೋವು ಇಲ್ಲ.’
ಇಲ್ಲ, ಎಂದೆ.
ಬರೆದುಕೊಂಡಳು.

ಮುಗಿಯದೇ ಸುತ್ತುವ ಪ್ರೋಗ್ರಾಮಿಗೂ ಒಂದು ಅರ್ಥ ಬೇಕಲ್ಲ,
ಅದಕ್ಕೊಂದು ಚಿಹ್ನೆ: ಅಡ್ಡಗೆರೆಯ ಮೇಲೆ ನಿಂತ ಕೋಲು, ⊥.
ಹೆಸರು ತಳ. ಎಲ್ಲ ಉತ್ತರಗಳಿಗಿಂತ ಕೆಳಗೆ,
ಏನೂ ತಿಳಿಯದ ಜಾಗ.
ಇದನ್ನು ಹೇಳಿಕೊಡಲು ನನಗೆ ಪ್ರತಿ ವರ್ಷ ಒಂದು ವಾರ.
ಅವಳಿಗೆ ಒಂದು ಗಳಿಗೆ:
‘ಬಾಬಿನ್‌ನಾಗ ಕೆಳದಾರ ತೀರಿರ್ತೈತಿ,
ನಮಗ ಗೊತ್ತಿರಲ್ಲ.
ಮೋಟರ್ ಓಡ್ತೈತಿ, ಸೂಜಿ ಏಳ್ತೈತಿ ಬೀಳ್ತೈತಿ,
ಇಡೀ ಕಾಲು ಹೊಲಿದೀವಿ ಅಂತ ಎತ್ತಿ ನೋಡಿದ್ರ
ಬರೇ ತೂತು.’

ಆ ದಿನ ಪಾಠ ಅಲ್ಲಿಗೇ ನಿಂತಿತು.

ಮೊನ್ನೆ ಮೆಟ್ಟಿಲು ಹತ್ತುವಾಗ ಕಟಿಂಗ್ ಮಾಸ್ತರು ತಡೆದರು.
ಕೈಯಲ್ಲಿ ರಿಜೆಕ್ಟಾದ ಒಂದು ಕಾಲು,
ಅದರ ಮೇಲೆ ಟೇಲರ್ ಚಾಕಿನಲ್ಲಿ
ಅಡ್ಡಗೆರೆ, ನೆಟ್ಟಗೆ ಒಂದು ಕೋಲು.
‘ವಾರದಿಂದ ಎಲ್ಲಾದಕ್ಕೂ ಹಿಂಗ ಬರೀತಾಳ್ರಿ ಆ ಹುಡುಗಿ.
ಯಾ ಊರಿನ ಅಕ್ಷರ ಇದು?’