ಬಾಂದು ನಂಬರ ಹದಿನೇಳು

ಕಪ್ಪತಗುಡ್ಡದ ಮೇಲಿಂದ ನೋಡಿದರ
ಬೆಣ್ಣಿಗುಂಡಿ ಕಾಣೂದಿಲ್ಲ.
ಅದರ ಹುಣಸಿಮರ ಕಾಣತಾವು, ಏಳು,
ಆಮ್ಯಾಲೆ ಒಲಿ ಹೊಗಿ, ಆಮ್ಯಾಲೆ ಎರಿ.
ಎರಿ ಅಂದರ ಎರಿ,
ಕಣ್ಣು ಸೋತು ಕುಂಡ್ರೋತನಕ ಕರಿ ನೆಲ.

ನಾನು ಬಂದದ್ದು ಅಳತಿಗೆ.
ಬಗಲಾಗ ಹಳೇ ಟಿಪ್ಪಣಿ ಪುಸ್ತಕ,
ನಕಾಶದಾಗಿನ ಹಳ್ಳದ ಮಗ್ಗಲಕ್ಕ
ಗೆದ್ದಲು ಕೊರದ ಇನ್ನೊಂದು ಹಳ್ಳ.
ಕೈಯಾಗ ಹೊಸ ಯಂತ್ರ,
ಆಕಾಶಕ್ಕ ಕೇಳಿ ನೆಲದ ಲೆಕ್ಕಾ ಹೇಳೂವಂಥಾದ್ದು.
ಹುಡುಕಬೇಕಾದ್ದು ಒಂದ ಕಲ್ಲು.

"ಈಚೆ ದಂಡಿ ಖಾಲಸಾ, ಆಚೆ ದಂಡಿ ಸಾಂಗಲಿಯವರದು,"
ಅಂದ ಗುದ್ಲೆಪ್ಪ,
ವಾಲೀಕಾರ ಮನಿತನದ ಕಡೀ ಮನಶಾ.
ಹಳ್ಳ ಅಂದರ ಏನು?
ಬ್ಯಾಸಗ್ಯಾಗ ಓತಿಕ್ಯಾತ ದಾಟತೈತಿ
ಬಾಲ ತೋಯಿಸಿಕೊಳ್ಳದ.
ಆದರ ಅವರಪ್ಪನ ಕಾಲಕ್ಕ
ಇದನ್ನ ದಾಟಿದ ಫೌಜದಾರನ ಟೊಪಿಗಿ
ಬರೇ ಟೊಪಿಗಿ.
ಆಚೆ ದಂಡಿಯ ಈಚಲ ಬುಡಕ ಕುಂತ ಕುಡುಕರು
ಈಚೆ ನಿಂತ ಪೊಲೀಸಗ ಕೈ ಮಾಡಿ ಕರೀತಿದ್ದರಂತ:
"ಬರ್ರಿ ಸಾಹೇಬ್ರ, ಒಂದ ಗುಟುಕ."

ಒಂದು ವರ್ಷ ಹಸ್ತದ ಮಳಿಗೆ
ಹಳ್ಳ ನಿದ್ದಿಗಣ್ಣಾಗ ಮಗ್ಗಲ ಬದಲಿಸಿತು.
ಖಾಲಸಾದಾಗ ಮಲಗಿದ್ದ ಆರು ಮನಿ
ಮುಂಜಾನೆ ಸಾಂಗಲಿಯೊಳಗ ಎದ್ದವು,
ಅದ ಒಲಿ, ಅದ ಬೂದಿ, ಅದ ಕೋಳಿ.
ಮೊದಲ ವರ್ಷ ಎರಡೂ ಕಡೆಯವರು ಕರ ಕೇಳಿದರು.
ಮರುವರ್ಷ ಎರಡೂ ಕಡೆಯವರು ಮರತರು.
ಆ ಒಂದ ವರ್ಷದಾಗ
ಆರು ಮನಿಗೆ ಮೂರು ಮದುವಿ, ಒಂದು ಬಾವಿ.

ಹಳ್ಳ ಹೊರಳಿದ ರಾತ್ರಿ ಹುಟ್ಟಿದಾಕಿ ಹುಸೇನಬಿ.
ಸೂಲಗಿತ್ತಿ ಗಾಳೆವ್ವ ಮೊಣಕಾಲ ನೀರಾಗ ಬಂದಿದ್ದಳು.
ಕೂಸಿನ ಹೆಸರು ಈಚೆ ದಫ್ತರದಾಗ ಇಲ್ಲ,
ಆಚೆ ದಫ್ತರದಾಗೂ ಇಲ್ಲ.
ಮುಪ್ಪಿಗೆ ಪಿಂಚಣಿ ಅರ್ಜಿ ಹಾಕಿದಾಗ
ಗುಮಾಸ್ತ ಕೇಳಿದ, "ಹುಟ್ಟಿದ ತಾರೀಖು?"
"ಹಳ್ಳ ಹೊರಳಿದ ವರ್ಷ," ಅಂದಳಂತ.
ಅವ ಬರಕೊಳ್ಳಲಿಲ್ಲ.
ಬರಕೊಂಡಿದ್ದರ ಊರ ಚರಿತ್ರಾ ಒಂದ ಸಾಲಿನಾಗ ಮುಗೀತಿತ್ತು.

ಸಾಂಗಲಿ ಹೋತು, ಖಾಲಸಾ ಹೋತು,
ಮುಂಬೈ ಅನ್ನೂದು ರೇಡಿಯೋದಾಗಿನ ಊರಾತು.
ಧಾರವಾಡ ಜಿಲ್ಲಾ ಅಂತ ಬರಸಿದ್ದ ಸಾಲಿ ಗ್ವಾಡಿಗೆ
ಗದಗ ಜಿಲ್ಲಾ ಅಂತ ಬರದರು;
ಸುಣ್ಣ ತೆಳ್ಳಗ,
ಮಳಿ ಬಂದಾಗ ಧಾರವಾಡ ಇನ್ನೂ ಕಾಣತೈತಿ.

ಕಲ್ಲು ಸಿಕ್ಕಿದ್ದು ಇಮಾಂಬಿ ಹಿತ್ತಲದಾಗ.
ಹುಸೇನಬಿ ಸೊಸಿ ಈಕಿ.
ಅತ್ತಿ ಮಸದು, ಸೊಸಿ ಮಸದು
ಕಲ್ಲಿನ ನಡು ಕುದರಿ ಬೆನ್ನಿನಂಗ ತಗ್ಗಾಗಿತ್ತು.
ಒಂದು ಮಗ್ಗಲಿಗೆ ಬಾಣದ ಗುರುತು, ಅರ್ಧ.
ಇನ್ನೊಂದಕ್ಕ ಮೋಡಿ ಅಕ್ಷರ, ಬಾಲ ಅಷ್ಟ.
ಯಂತ್ರ ಹೇಳಿತು, ಇದರ ಜಾಗಾ
ಇನ್ನೂರಾ ಹನ್ನೊಂದು ಮೀಟರ ಮೂಡಲಕ್ಕ,
ಕಡ್ಲಿ ಕಿತ್ತ ಹೊಲದ ನಡುವ.
"ಯಾರು ತಂದರು ಇದನ್ನ?"
"ಹಳ್ಳ ಬಂತಲ್ಲರಿ, ಅದರ ಬೆನ್ನ ಹತ್ತಿ ಬಂದಿರಬೇಕು."
ಆಕಿ ನಗಲಿಲ್ಲ. ಗುದ್ಲೆಪ್ಪ ನನ್ನ ಮಾರಿ ನೋಡಲಿಲ್ಲ.

ಷರಾ ಕಾಲಮಿನಾಗ ಏನ ಬರೀಲಿ?
ಪೆನ್ನಿನ ಟೊಪ್ಪಿಗಿ ಕಚಗೊಂತ ಕುಂತೆ.
ಇಮಾಂಬಿ ಚಹಾ ತಂದಳು,
ಹಿಂದ ನಾಲ್ಕು ಕುಡಗೋಲು ತಂದಳು.
"ನೋಡೂದ ಆತಂದ್ರ ಇಲ್ಲೇ ಬಿಡ್ರಿ ಸಾಹೇಬ್ರ.
ನಾಳೆ ಕುಸುಬಿ ಕೊಯ್ಲ ಐತಿ.
ಮುಳ್ಳಿನ ಬೆಳಿ ಅದು,
ಮೊಂಡ ಕುಡಗೋಲಿಗೆ ಬಗ್ಗಂಗಿಲ್ಲ."

ಗುದ್ಲೆಪ್ಪ ಆಗಲೇ
ಕಲ್ಲಿಗೆ ನೀರು ಚಿಮುಕಿಸಿದ್ದ.