ಹಸಿರು-ಹಳದಿ ತಂತಿ

ಮೇನ್ ಇಳಿಸಿ ಅಂದೆ.
ಇಳಿಸಿದ್ದೇವೆ ಅಂದರು ಮೂವರೂ ಒಂದೇ ಉಸಿರಿಗೆ.
ಟೆಸ್ಟರ್ ಇಟ್ಟೆ. ಕೆಂಪಗೆ ಕಣ್ಣು ಬಿಟ್ಟಿತು.
ಮೆಟ್ಟಿಲ ದೀಪಕ್ಕೆ ಯಾವ ಕಾಲದಲ್ಲೋ ಯಾರೋ
ಪಕ್ಕದ ಮನೆಯ ಕರೆಂಟು ಎಳೆದಿದ್ದರು.
ನಲವತ್ತೆರಡು ವರ್ಷದ ಕಸುಬು ಕಲಿಸಿದ್ದು ಇಷ್ಟೇ:
ಮನುಷ್ಯರನ್ನು ನಂಬು,
ಅವರು ಇಳಿಸಿದ ಸ್ವಿಚ್ಚನ್ನು ನಂಬಬೇಡ.

ಕೊಯಿಂಬ್ರಾದ ಈ ಏರಿನಲ್ಲಿ ಮನೆಗಳು
ಪರೀಕ್ಷೆ ಮುಗಿಸಿ ಕುಡಿದು ಬರುವ ಹುಡುಗರ ಹಾಗೆ
ಒಂದರ ಹೆಗಲಿಗೊಂದು ಜೋತು ನಿಂತಿವೆ.
ಒಳಗೆ ಜನವರಿ. ಗೋಡೆ ಬೆವರುತ್ತದೆ.
ಒಂದೇ ಸಾಕೆಟ್ಟಿನ ಕುತ್ತಿಗೆಗೆ
ಹೀಟರು, ಕೆಟಲು, ಕೂದಲು ಒಣಗಿಸುವ ಯಂತ್ರ,
ಬೆನೆದಿತಾಳ ಲ್ಯಾಪ್‌ಟಾಪು.
ಎಕ್ಸ್‌ಟೆನ್ಶನ್ ವೈರು ಜಮಖಾನದಡಿ ಮಲಗಿ
ಜ್ವರ ಬಂದ ಮಗುವಿನಂತೆ ಬೆಚ್ಚಗಿತ್ತು.

"ವಾರದಿಂದ ಮೀನು ಸೀದ ವಾಸನೆ" ಅಂದಳು ಜುಲ್ಮೀರಾ,
ದ್ವೀಪದ ಹುಡುಗಿ, ಮೀನು ಬಲ್ಲವಳು.
"ದಿನೀಸನ ಸಾರ್ಡೀನು ಅಂತ ಅವನನ್ನೇ ಬೈದೆವು."
ದಿನೀಸ್ ತಲೆ ತಗ್ಗಿಸಿದ, ಮಾಡದ ತಪ್ಪಿಗೆ.
ಮೀನಲ್ಲಮ್ಮಾ ಅದು. ಸ್ವಿಚ್ಚಿನ ಹಿಂದೆ ಪ್ಲಾಸ್ಟಿಕ್ಕು
ಸದ್ದಿಲ್ಲದೆ ಹುರಿದುಕೊಳ್ಳುವ ವಾಸನೆ.
ಬೂದಿ ಮುಚ್ಚಿದ ಕೆಂಡ ಕೇಳಿದ್ದೀರಿ,
ಇದು ಸುಣ್ಣ ಮುಚ್ಚಿದ್ದು.

ಫ್ಯೂಸು ಬಿಚ್ಚಿದೆ. ಪಿಂಗಾಣಿ ಹಲ್ಲು ಮೂರು.
ಮನೆಯಲ್ಲಿ ಮೊದಲು ಸಾಯಬೇಕಾದವನು ಅವನು,
ಕೂದಲೆಳೆಯ ಜೀವ, ಅದೇ ಅವನ ನೌಕರಿ.
ಯಾರೋ ದಪ್ಪ ತಾಮ್ರ ಸುತ್ತಿ
ಚಿರಂಜೀವಿಯಾಗು ಎಂದು ಹರಸಿಬಿಟ್ಟಿದ್ದಾರೆ.
ಇನ್ನು ಸರದಿ ಮಿಕ್ಕವರದ್ದು.

ಆಮೇಲೆ ಗೋಡೆ ಕೆದಕಿದೆ.
ಗಾರೆ ಉದುರಿತು. ಡಬ್ಬಿಯ ಮುಚ್ಚಳದ ಒಳಮೈಯಲ್ಲಿ
ಪೆನ್ಸಿಲಿನ ಬರಹ: ಅ. ಮಾರ್ಚ್ ೮೩.
ಅ ಅಂದರೆ ಅಬೀಲಿಯು.
ಅಬೀಲಿಯು ಅಂದರೆ ನಾನು.

ಹದಿನೇಳು ನನಗೆ. ಏಣಿಯ ಕೆಳಗೆ ಗಾಸ್ಪಾರ್ ಮೇಸ್ತ್ರಿ:
"ಹಸಿರು-ಹಳದಿ ಕತ್ತರಿಸು, ಒಳಗೆ ತುರುಕು.
ಓದುವ ಮಕ್ಕಳು, ವರ್ಷಕ್ಕೊಬ್ಬರು, ಯಾರು ಕೇಳುತ್ತಾರೆ?"
ಕತ್ತರಿಸಿದೆ. ತುದಿಯನ್ನು ಸುರುಳಿ ಸುತ್ತಿದೆ.
ಹೊರಗೆ ಸಾಕೆಟ್ಟಿಗೆ ಅರ್ಥಿಂಗಿನ ಎರಡು ಹಿತ್ತಾಳೆ ಕಿವಿ
ಲಕಲಕ ಹೊಳೆಯುತ್ತಿದ್ದವು,
ಅವುಗಳ ಬೆನ್ನಿಗೆ ನೆಲವೇ ಇರಲಿಲ್ಲ.

ಸುರುಳಿ ಹಾಗೇ ಇದೆ. ಒಳ್ಳೆ ಕೈ ಇತ್ತು ನನ್ನದು.

ನಲವತ್ತೆರಡು ಚಳಿಗಾಲ. ಸ್ನಾನದ ಒದ್ದೆ ಕಾಲಲ್ಲಿ
ಎಷ್ಟು ಮಕ್ಕಳು ಹೀಟರಿನ ತಗಡು ಮುಟ್ಟಿದರೋ.
ಯಾರೂ ಸಾಯಲಿಲ್ಲ ಅಂತ ನನಗೆ ಗೊತ್ತಿಲ್ಲ.
ಸತ್ತ ಸುದ್ದಿ ನನ್ನ ತನಕ ಬರಲಿಲ್ಲ, ಅಷ್ಟು ಗೊತ್ತು.

"ಇದು ಯಾವ ಕತ್ತೆ ಮಾಡಿದ ಕೆಲಸ?" ದಿನೀಸ್ ಕೇಳಿದ.
ಮುಚ್ಚಳ ಅವನ ಕೈಗೆ ಕೊಟ್ಟೆ. ಓದಿದ.
ನನ್ನ ಅಂಗಿಯ ಜೇಬಿನ ಮೇಲಿನ ಹೆಸರನ್ನೂ ಓದಿದ.

ಮನೆಯೊಡತಿ ಎತೆಲ್ವೀನಾ ಫೋನಿನಲ್ಲಿ
ಬೇಸಿಗೆಗೆ ನೋಡೋಣ ಅಂದರು.
ನೋಡಿ ಅಂದೆ. ಫ್ಯೂಸು ಮೂರನ್ನೂ ಜೇಬಿಗಿಳಿಸಿದೆ.
ಬೆನೆದಿತಾ ಮೇಣದಬತ್ತಿ ಹುಡುಕುತ್ತಿದ್ದಳು.
ಬೇಡ, ಅದೂ ಬೆಂಕಿಯೇ,
ಎಂದು ಹಣೆಗೆ ಕಟ್ಟಿದ್ದ ದೀಪ ಬಿಚ್ಚಿ
ಅವರ ಪುಸ್ತಕಗಳ ನಡುವೆ ಇಟ್ಟೆ.

ಮೆಟ್ಟಿಲ ದೀಪವನ್ನೂ ನಾನೇ ಕಿತ್ತಿದ್ದೆನಲ್ಲ,
ಗೋಡೆ ಸವರುತ್ತ ಇಳಿದೆ.
ಜೇಬಿನಲ್ಲಿ ಪಿಂಗಾಣಿ ಒಂದಕ್ಕೊಂದು ತಾಗಿ ಕಟಕಟ.
ನಾಳೆ ಏಳಕ್ಕೆ ಬರುತ್ತೇನೆ ಅಂದಿದ್ದೇನೆ.
ನೂರು ಮೀಟರ್, ಹಸಿರು-ಹಳದಿ,
ನನ್ನ ಲೆಕ್ಕಕ್ಕೆ.