ನಾರು, ನರ

ಬೀಟೆ ಹಲಗೆಯ ಮೈಯೊರೆಸಿ
ನಾರು ಯಾವ ಕಡೆ ಹರಿದಿದೆಯೆಂದು ನೋಡದೆ
ಗರಗಸ ಇಡಬಾರದು, ಅನ್ನುತ್ತಿದ್ದರು ಉಸ್ತಾದರು
ಮೈಸೂರಿನ ಮಂಡಿ ಮೊಹಲ್ಲಾದ ಆ ಕತ್ತಲ ಕಾರ್ಖಾನೆಯಲ್ಲಿ.

ಈ ಭುಜಕ್ಕೆ ಮಾತ್ರ
ಎರಡು ಸಲ ಅಂದಾಜಿನಲ್ಲೇ ಚುಚ್ಚಿದ್ದರು.
ಸೂಜಿ ಎಲ್ಲಿಗೆ ಹೋಯಿತೋ,
ನೋವು ಇದ್ದಲ್ಲೇ ಇತ್ತು.

ಇವತ್ತು ಡಾಕ್ಟರ್ ಬೋಜಮ್ಮ
ತಣ್ಣನೆಯ ಲೋಳೆ ಸವರಿ, ಯಂತ್ರದ ಮೂತಿ ಒತ್ತಿ,
"ಜಬ್ಬಾರಣ್ಣ, ಅಲ್ಲಾಡಬೇಡಿ. ಬೇಕಿದ್ದರೆ ನೋಡಿ" ಎಂದರು.

ನೋಡಿದೆ.
ನನ್ನದೇ ಮಾಂಸ, ಥೇಟ್ ಬೀಟೆಯ ಹಾಗೆ:
ಒಂದರ ಪಕ್ಕ ಒಂದು ಬೂದುಗೆರೆ, ಅಲ್ಲೊಂದು ಸುಳಿ.
ಕೆಳಗೆ ಬೆಳ್ಳಗೆ ಮೂಳೆ, ಮೂಳೆಯಲ್ಲೊಂದು ಕಚ್ಚು,
ಕಚ್ಚಿನೊಳಗೆ ಅಕ್ಕಿಕಾಳಿನಷ್ಟು ಚುಕ್ಕೆ.
"ಇದೇ ನಿಮ್ಮ ನರ."
ಎಂಟು ವರ್ಷ ನಿದ್ದೆ ಕೆಡಿಸಿದ್ದು ಇಷ್ಟೇನಾ?

ಸೂಜಿ ಓರೆಯಾಗಿ ಇಳಿಯಿತು, ಹೊಳೆಯುತ್ತ.
ನರವನ್ನು ಮುಟ್ಟದೆ ಪಕ್ಕದಲ್ಲೇ ನಿಂತಿತು.
ಕೊರೆದ ಗುಂಡಿಗೆ ಹಲಸಿನ ತುಂಡು ಕೂತ ಹಾಗೆ
ಔಷಧಿ ಕಪ್ಪಗೆ ಹರಡಿ ಸುತ್ತ ಕೂತಿತು.
ಉಸ್ತಾದರಿದ್ದಿದ್ದರೆ
"ಹ್ಞಾ, ಕೈ ಅಂದರೆ ಇದು" ಅನ್ನುತ್ತಿದ್ದರು.

ಎಷ್ಟು ದಿನ ತಡೆಯುತ್ತೆ ಮೇಡಂ?
ಆರು ವಾರವೋ, ಮೂರು ತಿಂಗಳೋ. ವ್ಯಾಯಾಮ ಬಿಡಬೇಡಿ.
ಪೂರ್ತಿ ಹೋಗುತ್ತೆ ಅನ್ನಲಿಲ್ಲ ಆಕೆ.

ಮೂರನೇ ದಿನ ಸಂಜೆ ಅಂಗಿ ಕಳಚಿದೆ.
ನನಗೆಂದೇ ಜುಬೇದಾ ಎದೆಮಟ್ಟಕ್ಕೆ ಇಳಿಸಿ ಹೊಡೆದ ಮೊಳೆ,
ಕೈ ಅಲ್ಲಿಗೇ ಹೋಯಿತು, ಅಭ್ಯಾಸಕ್ಕೆ.
ತಡೆದು
ಮೇಲೆತ್ತಿದೆ, ಕಿವಿ ದಾಟಿ, ತಲೆ ದಾಟಿ.
ಹಳೇ ಮೊಳೆಯ ತೂತು
ಸುಣ್ಣದೊಳಗೆ ಹಾಗೇ ಇತ್ತು.
ಬೆರಳಿಟ್ಟೆ.